ನಮ್ಮ ಪಾಳಿ

ಅಂಗೈಯ ಹುಣ್ಣಿಗೆ ಕನ್ನಡಿ ಬೇಕೆ ಎಂದು ಹಿರಿಯರು ಕೇಳಿದ್ದಾರೆ. ಬೇಡ, ಒಪ್ಪಿದೆವು. ಆದರೆ ಬಾಯೊಳಗಿನ ಹುಣ್ಣಿಗೆ ಕನ್ನಡಿ ಬೇಕು, ಕೈದೀಪ ಬೇಕು, ಅವೆರಡಕ್ಕಿಂತ ಹೆಚ್ಚಾಗಿ ನೋಡಬೇಕೆಂಬ ಮನಸ್ಸು ಬೇಕು. ನಮ್ಮ ಮನೆಯಲ್ಲಿ ಮೊದಲಿನವೆರಡೂ ಇದ್ದುವು. ಮೂರನೆಯದು ಏಳು ತಿಂಗಳು ತಡವಾಗಿ ಬಂದಿತು.

'ನಾವು' ಎಂದರೆ ಯಾರು ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಒಳ್ಳೆಯದು. ಸೊಲ್ಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವನೊಬ್ಬ, ಅವನ ಹೆಂಡತಿಯೊಬ್ಬಳು. ಇಬ್ಬರೂ ಸೇರಿ ನಾವು. ಒಬ್ಬರಿಗೆ ತಾಯಿಯೂ ಇನ್ನೊಬ್ಬರಿಗೆ ಅತ್ತೆಯೂ ಆದ ಅವ್ವನ ವೃತ್ತಾಂತವಿದು. ಬರೆಯುವ ಕೈ ಒಂದೇ ಆದರೂ ನೋಡಿದ ಕಣ್ಣು ನಾಲ್ಕು. ಅವುಗಳಲ್ಲಿ ಹೆಚ್ಚು ನೋಡಿದ್ದು ಬರೆಯುವವನ ಕಣ್ಣುಗಳೇನೂ ಅಲ್ಲ. ಆದುದರಿಂದ ಈ ಲೇಖನದಲ್ಲಿ 'ನಾನು' ಎಂಬುವನಿಗೆ ಸ್ಥಳವಿಲ್ಲ.

ನಮ್ಮ ಮೂಲ ಇಂಡಿ ತಾಲ್ಲೂಕು. ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದರಿಂದ ಅಲ್ಲಿಯವರಾದೆವು. ಗಿರಣಿಗಳು ಒಂದೊಂದಾಗಿ ಮುಚ್ಚಿದುವು, ಅಪ್ಪನೂ ತೀರಿಕೊಂಡ. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದ ವಸ್ತುಗಳಲ್ಲಿ ಕೊನೆಯವರೆಗೆ ಬಾಳಿದ್ದು ಎಲೆ-ಅಡಿಕೆಯ ಚಂಚಿ ಒಂದೇ. ಹುಡುಗಿಯಾಗಿದ್ದಾಗ ಹಲ್ಲು ನೋಯುತ್ತಿದೆಯೆಂದು ಅತ್ತುದಕ್ಕೆ ಮನೆಯ ಹಿರಿಯರಾರೋ ಚೂರು ತಂಬಾಕನ್ನು ಒಸಡಿಗೆ ಇಟ್ಟರಂತೆ. ಹಲ್ಲುನೋವು ಹೋಯಿತು, ತಂಬಾಕು ಉಳಿಯಿತು. ತಂಬಾಕು ಕೆಟ್ಟದ್ದೆಂಬುದನ್ನು ನಾವೂ ಕೇಳಿದ್ದೆವು. ಆದರೆ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಪ್ರಕಟಿಸಿದ್ದುದು ಅಡಿಕೆಯ ನಾಡಿನ ಭಾಷೆಯಾಡುವ ನಮಗೆ ತಿಳಿದಿರಲಿಲ್ಲ. ಮೊದಲು ಎಡಗಲ್ಲದ ಒಳಗೆ ಒಂದು ಬಿಳಿಯ ಕಲೆ; ಆಮೇಲೆ ಖಾರ ತಾಗಿದರೆ ಉರಿ; ಆಮೇಲೆ ವಾಸಿಯಾಗದ ಹುಣ್ಣು. "ಉಷ್ಣ ಆಗೇತಿ" ಎಂದು ಅವ್ವ ಹೇಳಿದಳು. ನಾವು ನಂಬಿದೆವು. ನಂಬುವುದು ಸುಲಭವಾಗಿದ್ದಿತು.

2022ರ ಜೂನಿನಲ್ಲಿ ಹುಣ್ಣಿನ ಚೂರೊಂದನ್ನು ತೆಗೆದು ಪರೀಕ್ಷಿಸಿದಾಗ ನಂಬುವುದಕ್ಕೆ ಏನೂ ಉಳಿಯಲಿಲ್ಲ. ಮುಂಬಯಿಗೆ ಹೋಗಿರೆಂದು ವೈದ್ಯರು ಕಾಗದ ಕೊಟ್ಟರು.

ಅಂದು ಸಂಜೆ ನಾವು ಎರಡನೆಯ ತಪ್ಪನ್ನು ಮಾಡಿದೆವು. ಯಾರಿಗೂ ಹೇಳಬಾರದೆಂದು ಬಾಗಿಲು ಹಾಕಿಕೊಂಡು ನಿಶ್ಚಯಿಸಿದೆವು. ಮನೆಯಲ್ಲಿ ಮದುವೆಗೆ ಬಂದ ತಂಗಿಯಿದ್ದಳು. ಒಂದು ಕಡೆಯಿಂದ ಮಾತುಕತೆಯೂ ನಡೆದಿದ್ದಿತು. ಈ ರೋಗ ವಂಶದಲ್ಲಿ ಬರುತ್ತದೆಂದು ಅನ್ನುವವರಿದ್ದಾರೆ, ಅಂಟುತ್ತದೆಂದು ಲೋಟ ಬೇರೆ ಇಡುವವರಿದ್ದಾರೆ. ಆದ್ದರಿಂದ ಅವ್ವನಿಗೆ ಹಲ್ಲು ಕಟ್ಟಿಸಲು ಮುಂಬಯಿಗೆ ಹೋಗುತ್ತೇವೆಂದು ಓಣಿಗೆ ಸಾರಿದೆವು. ಕಚೇರಿಯಲ್ಲಿ ರಜೆಯ ಅರ್ಜಿಗೂ 'ತಾಯಿಯ ದಂತ ಚಿಕಿತ್ಸೆ' ಎಂದೇ ಬರೆದುದಾಯಿತು. ಹಲ್ಲಿಗೆ ಇಪ್ಪತ್ತು ದಿನದ ರಜೆಯೇ ಎಂದು ಹೆಡ್‌ಕ್ಲಾರ್ಕರು ಕನ್ನಡಕದ ಮೇಲಿನಿಂದ ನೋಡಿದರು. ಆದರೂ ಒಳ್ಳೆಯ ಮನುಷ್ಯರು, ಮಂಜೂರು ಮಾಡಿಸಿದರು. ಇಪ್ಪತ್ತು ವರುಷ ಒಂದೇ ನಲ್ಲಿಯಲ್ಲಿ ನೀರು ಹಿಡಿದ ಓಣಿಯ ಹೆಂಗಸರು ಅವ್ವನನ್ನು ಬೀಳ್ಕೊಡುತ್ತ, "ಹೊಸ ಹಲ್ಲು ಬಂದಮ್ಯಾಗ ನಮ್ಮನ್ನ ಮರೀಬ್ಯಾಡ್ರಿ" ಎಂದು ನಕ್ಕರು. ಅವ್ವನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತನ್ನ ಜನರ ನಡುವೆ ನಿಂತೂ ಒಬ್ಬಂಟಿಯಾಗುವುದೆಂದರೆ ಏನೆಂಬುದು ಅಂದು ನಮಗೆ ತಿಳಿಯಿತು.

ಸೊಲ್ಲಾಪುರದಿಂದ ಮುಂಬಯಿ ಸುಮಾರು 450 ಕಿಲೋಮೀಟರು. ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಕು ಹರಿಯುವ ಹೊತ್ತಿಗೆ ದಾದರು ಮುಟ್ಟುತ್ತದೆ. ಅಲ್ಲಿಂದ ಪರೇಲಿನ ಟಾಟಾ ಆಸ್ಪತ್ರೆ ದೂರವಿಲ್ಲ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹೆರ್‌ಬಾಯಿಯವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರುಷ ದೊರಾಬ್ಜಿಯವರೂ ತೀರಿಕೊಂಡರು. ಅವರ ಹೆಸರಿನ ನಿಧಿಯಿಂದ 1941ರಲ್ಲಿ ಈ ಆಸ್ಪತ್ರೆ ತೆರೆಯಿತು. 1957ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದು, 1962ರಿಂದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಸಿರಿವಂತರೊಬ್ಬರ ಮನೆಯ ದುಃಖದಿಂದ ಇಷ್ಟು ಬಡವರಿಗೆ ಒಂದು ಬಾಗಿಲು ತೆರೆಯಿತಲ್ಲ ಎಂದು ಆ ಕಟ್ಟಡದ ಮುಂದೆ ನಿಂತಾಗಲೆಲ್ಲ ನಮಗೆ ಅನ್ನಿಸಿದೆ.

ಆ ಬಾಗಿಲಿಗೆ ಬರುವವರು ಎಷ್ಟೆಂದರೆ, ಬಂಗಾಲ, ಬಿಹಾರ, ಅಸ್ಸಾಮುಗಳಿಂದ ಬಂದ ಕುಟುಂಬಗಳು ಎದುರಿನ ಕಾಲುದಾರಿಯ ಮೇಲೆಯೇ ಹಾಸಿಕೊಂಡು ಮಲಗಿರುವುದನ್ನು ಕಂಡೆವು. ಪುಣ್ಯಕ್ಕೆ ಧರ್ಮಶಾಲೆಗಳಿವೆ. ತಲೆಯ ಮೇಲೆ ಒಡೆದ ಮಡಕೆ, ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸುತ್ತ ತಿರುಗಿದ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ದಾದರಿನಲ್ಲಿದೆ. ಅಲ್ಲಿ ಕ್ಯಾನ್ಸರ್ ರೋಗಿಗಳ ಕುಟುಂಬಗಳು ಇಳಿದುಕೊಳ್ಳುತ್ತವೆ. ಅಂಥ ಬೇರೊಂದು ಧರ್ಮಶಾಲೆಯಲ್ಲಿ, ನಾಲ್ಕನೆಯ ದಿನ, ನಮಗೂ ಒಂದು ಕೋಣೆಯ ಅರ್ಧ ಸಿಕ್ಕಿತು. ಇನ್ನರ್ಧದಲ್ಲಿ ಮುರ್ಶಿದಾಬಾದಿನ ದೀದಿಯೊಬ್ಬರು ಗಂಡನೊಡನೆ ಇದ್ದರು. ನಡುವೆ ಒಂದು ಸೀರೆಯ ಪರದೆ.

ಆಗಸ್ಟಿನಲ್ಲಿ ಅವ್ವನ ಶಸ್ತ್ರಚಿಕಿತ್ಸೆಯಾಯಿತು. ಗಲ್ಲದ ಒಳಭಾಗವನ್ನೂ ದವಡೆಯ ಒಂದು ತುಂಡನ್ನೂ ತೆಗೆದರು. ಎಚ್ಚರವಾದ ಮೇಲೆ ಅವ್ವ ಏನೋ ಕೇಳಿದಳು, ನಮಗೆ ತಿಳಿಯಲಿಲ್ಲ. ಹಾಡು ಹೇಳಿ ಬೀಸುತ್ತಿದ್ದ ಬಾಯಿಯಿಂದ ಹೊರಟ ಮಾತು ಹಸುಗೂಸಿನ ತೊದಲಾಗಿದ್ದಿತು. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಹಾಕಿದ್ದರು, ಊಟವೆಲ್ಲ ಅದರಿಂದಲೇ. ಹಾಲು, ಗಂಜಿ ಯಾವುದಾದರೂ ಸರಿ, ಬಟ್ಟೆಯಲ್ಲಿ ಸೋಸಬೇಕು, ಸಿರಿಂಜಿಗೆ ಹಾಕಿ ಎತ್ತಿ ಹಿಡಿಯಬೇಕು, ತಾನಾಗಿ ಇಳಿಯಲು ಬಿಡಬೇಕು, ಕೊನೆಗೆ ನೀರು ಬಿಟ್ಟು ನಳಿಗೆ ತೊಳೆಯಬೇಕು. ಆಸ್ಪತ್ರೆಯ ದಾದಿಯರು ಒಮ್ಮೆ ತೋರಿಸಿಕೊಟ್ಟರು. ಕೈ ನಡುಗದಂತೆ ಹತ್ತು ಸಲ ಮಾಡಿಸಿ ಕಲಿಸಿದವರು ಮಾತ್ರ ಪರದೆಯಾಚೆಯ ದೀದಿ. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. "ಆಸ್ತೆ, ಆಸ್ತೆ" ಎನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ನಾವು ಪೂರ್ತಿ ಪಾಠ ಕಲಿತೆವು.

ಅಲ್ಲಿಯ ಜನರಲ್ಲಿ ಒಂದು ವಿಶೇಷವನ್ನು ಕಂಡೆವು. ಹೊರಗಡೆ ಅಪರಿಚಿತರು ಎದುರಾದರೆ ಯಾವ ಊರು ಎಂದು ಕೇಳುತ್ತಾರೆ. ಅಲ್ಲಿ 'ಯಾವ ಜಾಗ' ಎಂದು ಕೇಳುತ್ತಾರೆ. ಗಲ್ಲ, ಗಂಟಲು, ಎದೆ, ಹೊಟ್ಟೆ ಎಂದು ಉತ್ತರ. ಕೇಳಿದವರು ಅಯ್ಯೋ ಎನ್ನುವುದಿಲ್ಲ. ಸರಿದು ಕುಳಿತು ಜಾಗ ಕೊಡುತ್ತಾರೆ. ಮೂಗಿನಲ್ಲಿ ನಳಿಗೆ, ಕೊರಳಿಗೆ ಪಟ್ಟಿ, ಬೋಳಾದ ತಲೆ, ಇವುಗಳನ್ನು ಎಲ್ಲಿ ಬಚ್ಚಿಡುವುದು? ಬಚ್ಚಿಡಲಾಗದ ಕಡೆ ಬಚ್ಚಿಡುವ ಶ್ರಮ ತಪ್ಪುತ್ತದೆ. ಅದರಷ್ಟು ಭಾರವಾದ ಹೊರೆ ಬೇರೊಂದಿಲ್ಲವೆಂಬುದು ಅದನ್ನು ಇಳಿಸಿದಾಗಲೇ ನಮಗೆ ಗೊತ್ತಾದುದು.

ಅಕ್ಟೋಬರಿನ ಮೊದಲ ವಾರದಲ್ಲಿ ವಿಕಿರಣ ಚಿಕಿತ್ಸೆ ಆರಂಭವಾಯಿತು. ನಮ್ಮ ಕಡೆಯ ಹಳ್ಳಿಯವರು ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಒಟ್ಟು 30 ಸಲ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು. ಜಾಳಿಗೆಯಂಥ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿದರೆ ಅದು ಮುಖದ ಅಚ್ಚಾಗಿ ಗಟ್ಟಿಯಾಗುತ್ತದೆ. ಪ್ರತಿದಿನ ಆ ಮುಖವಾಡವನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ. ಕಿರಣ ಬೀಳುವ ಜಾಗ ಕೂದಲೆಳೆಯಷ್ಟೂ ಕದಲಬಾರದು. ಕೆಲವೇ ನಿಮಿಷದ ಕೆಲಸ, ಆಗ ನೋವೂ ಇಲ್ಲ. ಆದರೆ ಆ ನಿಮಿಷಗಳಿಗಾಗಿ ಗಂಟೆಗಟ್ಟಲೆ ಕಾಯಬೇಕು. ಕಾಯುವವರು ದಿನವೂ ಅವರೇ, ಹಿಂದೆ ಮುಂದೆ ನಿಲ್ಲುವವರೂ ಅವರೇ. ಹೀಗೆ ಪಾಳಿಯೇ ನಮಗೊಂದು ಓಣಿಯಾಯಿತು.

ಅವ್ವನಿಗಿಂತ ಮುಂಚಿನ ಪಾಳಿ ರತ್ನಾಗಿರಿಯ ಕಾಕಾ ಒಬ್ಬರದು. ಗಂಟಲಿನ ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕೊರಳಿನ ರಂಧ್ರದ ಮೇಲೆ ತೆಳುವಾದ ಬಿಳಿಯ ಬಟ್ಟೆ, ಬಗಲಲ್ಲಿ ಶಾಲೆಯ ಹುಡುಗರದೊಂದು ಪಾಟಿ. ಆ ಪಾಟಿಯ ಮೇಲೆ ಮರಾಠಿಯಲ್ಲಿ ಬರೆದು ಮಾತಾಡುತ್ತಿದ್ದರು. ಹರೆಯದಲ್ಲಿ ಇದೇ ಪರೇಲಿನ ಗಿರಣಿಯೊಂದರಲ್ಲಿ ದುಡಿದವರು. 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದರು. ಅವ್ವ ಗಿರಣಿ ಕೆಲಸಗಾರನ ಹೆಂಡತಿಯೆಂದು ತಿಳಿದಾಗ ಪಾಟಿಯ ಮೇಲೆ 'ಯಾವ ಖಾತೆ?' ಎಂದು ಬರೆದು ಹಿಡಿದರು. ಮೂರನೆಯ ಇಯತ್ತೆಯವರೆಗೆ ಕಲಿತ ಅವ್ವ ಅಕ್ಷರ ಅಕ್ಷರ ಕೂಡಿಸಿ ಓದಿ, ಸೆರಗನ್ನು ಎರಡೂ ಕೈಯಲ್ಲಿ ಎಳೆದು ಅಡ್ಡಡ್ಡ ಬೆರಳಾಡಿಸಿ ನೇಯ್ಗೆಯ ಖಾತೆಯೆಂದು ತೋರಿಸಿದಳು. ಕಾಕಾ ತಮ್ಮ ಎದೆ ಮುಟ್ಟಿಕೊಂಡರು, ಅವರದೂ ಅದೇ. ಮಾತು ಹೋದವನೊಬ್ಬ, ಮಾತು ತೊದಲುವವಳೊಬ್ಬಳು. ಆ ಬೆಂಚಿನ ಮೇಲೆ ಅವರಿಬ್ಬರಷ್ಟು ಮಾತಾಡಿದವರು ಬೇರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ರಜೆ ತೀರಿದ್ದಿತು. ಶುಕ್ರವಾರ ರಾತ್ರಿ ರೈಲು ಹತ್ತುವುದು, ಭಾನುವಾರ ರಾತ್ರಿ ಹಿಂದಿರುಗುವುದು. ಉಳಿದ ದಿನಗಳೆಲ್ಲ ಸೊಸೆಯ ಪಾಲಿಗೆ. ಒಂದು ಸಂಜೆ ರಾಗಿಹಿಟ್ಟು ಸಿಗುವುದೆಂದು ಯಾರೋ ಹೇಳಿದ್ದರಿಂದ ಆಕೆ ಮಾಟುಂಗಕ್ಕೆ ಹೋದಳು. ರೈಲುನಿಲ್ದಾಣದ ಹೊರಗೆ ಮಲ್ಲಿಗೆಯ ಮಾಲೆ, ಬಾಳೆಯೆಲೆ, ಕೇದಗೆ. ಎದುರಿಗೆ ಉಡುಪಿಯವರ ಹೋಟೆಲು. ಊರಿಗೆ ಫೋನು ಮಾಡಿ "ಎಲ್ಲಾ ಚಲೋ ಐತ್ರಿ, ಹಲ್ಲಿನ ಕೆಲಸ ಇನ್ನಾ ಸ್ವಲ್ಪ ಉಳದೇತಿ" ಎಂದು ಓಣಿಯವರೊಬ್ಬರಿಗೆ ಹೇಳಿ ಮುಗಿಸಿದಳು. ಮುಗಿಸಿದವಳಿಗೆ ಹೂವಿನ ವಾಸನೆಗೋ, ಹೇಳಿದ ಸುಳ್ಳಿಗೋ ಅಳು ಬಂದುಬಿಟ್ಟಿತು.

"ನೀವು ಕನ್ನಡದವರಾ? ಎಂತಕ್ಕೆ ಅಳುವುದು ನೀವು?"

ಹೂವು ಕೊಳ್ಳುತ್ತಿದ್ದ ಹಿರಿಯ ಹೆಂಗಸು. ಉಡುಪಿಯ ಕಡೆಯ ಕನ್ನಡ. ಪ್ರತಿಯೊಂದು ಅಕ್ಷರವೂ ತೊಳೆದಿಟ್ಟ ಹಾಗೆ.

"ನಮ್ಮ ಅತ್ತೀಯವರಿಗೆ ಕ್ಯಾನ್ಸರ್ ಆಗೇತ್ರಿ."

ನಾಲ್ಕು ತಿಂಗಳಲ್ಲಿ ಆ ಮಾತನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಮನೆಯೊಳಗೆ ನಾವು ಅದನ್ನು 'ಆ ಬ್ಯಾನಿ' ಎನ್ನುತ್ತಿದ್ದೆವು. ಆ ತಾಯಿ ಅಯ್ಯೋ ಎನ್ನಲಿಲ್ಲ. "ನಳಿಗೆ ಹಾಕಿದ್ದಾರಾ? ಏನು ಕೊಡುತ್ತೀರಿ?" ಎಂದು ಕೇಳಿದರು. ಎಂಟು ವರುಷದ ಹಿಂದೆ ಅವರ ಯಜಮಾನರು ಇದೇ ಆಸ್ಪತ್ರೆಯಲ್ಲಿದ್ದರಂತೆ. ರಾಗಿಹಿಟ್ಟನ್ನು ಕೊಳ್ಳಲು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಧರ್ಮಶಾಲೆಯ ಬಾಗಿಲಲ್ಲಿ ಸ್ಟೀಲಿನ ಡಬ್ಬಿಯೊಡನೆ ನಿಂತಿದ್ದರು. ರಾಗಿಯನ್ನು ನೆನೆಸಿ, ಅರೆದು, ಹಾಲು ತೆಗೆದು ಕಾಯಿಸಿದ ಮಣ್ಣಿ. ನಮ್ಮ ಕಡೆಯ ಮಣ್ಣು ಬೇರೆ, ಅವರ ಮಣ್ಣಿ ಬೇರೆ ಎಂದು ವಿವರಿಸುವುದರಲ್ಲಿ ಅಂದು ಎಲ್ಲರೂ ನಕ್ಕೆವು.

ಆ ಅಕ್ಕನಿಂದ ಈ ಸಂಘದ ಪರಿಚಯವಾಯಿತು. ಈ ತ್ರೈಮಾಸಿಕದ ಹಳೆಯ ಸಂಚಿಕೆಯೊಂದನ್ನು ಮೊದಲು ಕಂಡದ್ದೂ ಅವರ ಚೀಲದಲ್ಲಿಯೇ. ಮುಂದಿನ ವಾರದಿಂದ ಡಬ್ಬಿಗೂ ಒಂದು ಪಾಳಿ ಏರ್ಪಟ್ಟಿತು. ಆರು ಮನೆ, ಆರು ದಿನ. ಯಾರೂ 'ಏನಾದರೂ ಬೇಕಿದ್ದರೆ ಹೇಳಿ' ಎನ್ನಲಿಲ್ಲ. ಹಾಗೆ ಹೇಳಿದ್ದರೆ ನಾವು ಏನೂ ಬೇಡವೆಂದು ಹೇಳುತ್ತಿದ್ದೆವು; ಮರ್ಯಾದಸ್ಥರ ಉತ್ತರ ಅದೊಂದೇ. "ಬುಧವಾರ ನಮ್ಮದು" ಎಂದರು, ಬುಧವಾರ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೃಹಸ್ಥರೊಬ್ಬರು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ತಮಗೆ ಬಿಡುವೆಂದು ತಿಳಿಸಿ, ರಕ್ತಪರೀಕ್ಷೆಯ ದಿನ ನಮ್ಮ ಪರವಾಗಿ ಸಾಲಿನಲ್ಲಿ ನಿಂತು, ಸೊಸೆ ಬಂದೊಡನೆ ಜಾಗ ಬಿಟ್ಟು ಲೋಕಲ್ ಹಿಡಿಯಲು ಓಡುತ್ತಿದ್ದರು. ಕೊಡುವುದು ಸುಲಭ, ತೆಗೆದುಕೊಳ್ಳುವುದು ಕಷ್ಟ. ಸರ್ಕಾರಿ ಕೆಲಸದಲ್ಲಿದ್ದೇವೆ, ಯಾರ ಹಂಗೂ ಬೇಡವೆಂದು ಬೆಳೆದ ನಮಗೆ ಮೊದಲ ವಾರ ಆ ಡಬ್ಬಿಯನ್ನು ತೊಳೆದು ಹಿಂದಿರುಗಿಸುವಾಗ ಕೈ ಹಗುರವಾಗುತ್ತಿರಲಿಲ್ಲ. "ಖಾಲಿ ಡಬ್ಬಿಯೇ ಕೊಡಿ, ಸಾಕು" ಎಂದು ಅಕ್ಕ ನಮ್ಮ ಸಂಕೋಚವನ್ನು ಬಿಡಿಸಿದರು.

ಮೂರನೆಯ ವಾರಕ್ಕೆ ಕಿರಣಗಳು ತಮ್ಮ ಗುಣ ತೋರಿಸಿದುವು. ಬಾಯಿ ತುಂಬ ಹುಣ್ಣು, ಉಗುಳು ನುಂಗಲಾಗದು, ಕೊರಳಿನ ಚರ್ಮ ಕಪ್ಪಾಗಿ ಸುಲಿಯತೊಡಗಿತು. ಹೀಗಾಗುವುದೆಂದು ವೈದ್ಯರು ಮೊದಲೇ ತಿಳಿಸಿದ್ದರು. ತಿಳಿದಿದ್ದರೆ ನೋವು ಕಡಿಮೆಯಾಗುವುದಿಲ್ಲ. ಆ ವರುಷ ದೀಪಾವಳಿಯ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂದಿದ್ದಿತು. ಅಕ್ಟೋಬರ್ 25ರ ಸಂಜೆ ಸೂರ್ಯನು ಗ್ರಹಣ ಹಿಡಿದೇ ಮುಳುಗಿದನು. ಗ್ರಹಣಕ್ಕೆ ಉಣಬಾರದೆಂದು ಅವ್ವ ಮಧ್ಯಾಹ್ನದಿಂದಲೇ ನಳಿಗೆಯನ್ನು ಮುಟ್ಟಗೊಡಲಿಲ್ಲ. ನೆರೆಕೋಣೆಯ ಗೋರಖಪುರದ ಮಾತಾಜಿ, ಗ್ರಹಣದ ನೇಮ ರೋಗಿಗೆ ಇಲ್ಲವೆಂದು ಕೈಮುಗಿದು ಹೇಳಿದರು. ಅವ್ವ ಕೇಳಲಿಲ್ಲ. ಗ್ರಹಣ ಒಂದು ನೆಪವೆಂದು ನಮಗೂ ಗೊತ್ತು. ಕತ್ತಲಾದ ಮೇಲೆ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದಳು.

"ಸಾಕಪ್ಪಾ. ನಡೀರಿ, ಊರಿಗೆ ಹೋಗೂಣು. ಸಾಯೂದಿದ್ರ ನನ್ನ ಮನ್ಯಾಗ ಸಾಯ್ತೀನಿ."

ತೊದಲಾದರೂ ಆ ಮಾತು ಸ್ಪಷ್ಟವಾಗಿದ್ದಿತು. ಹಬ್ಬದ ರಜೆಗೆಂದು ನಾವಿಬ್ಬರೂ ಅಂದು ಅಲ್ಲಿಯೇ ಇದ್ದೆವು. ನಡುವೆ ಬಿಟ್ಟರೆ ಇದುವರೆಗಿನ ಚಿಕಿತ್ಸೆಯ ಫಲವೂ ಕೆಡುತ್ತದೆಂದು ತಿಳಿಹೇಳಿದೆವು, ಅತ್ತೆವು, ಒಮ್ಮೆ ಗದರಿಯೂ ನೋಡಿದೆವು. ಅವ್ವ ಚೀಲದ ಬಾಯಿಗೆ ಗಂಟು ಹಾಕಿದಳು. ದೀದಿ ಪರದೆ ಸರಿಸಿ ನೋಡಿ, ಏನೂ ಹೇಳದೆ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಹಿಂದೆ ಮೆಟ್ಟಿಲು ಹತ್ತಿ ರತ್ನಾಗಿರಿಯ ಕಾಕಾ ಬಂದರು. ಕೆಳಗಿನ ಅಂತಸ್ತಿನಲ್ಲಿ ಅವರ ವಸತಿ. ಏದುಸಿರು ಬಿಡುತ್ತ ಚೀಲದ ಪಕ್ಕದಲ್ಲಿ ಕುಳಿತು, ಪಾಟಿಯ ಮೇಲೆ ನಿಧಾನವಾಗಿ ಬರೆದು ಅವ್ವನ ಮುಂದೆ ಹಿಡಿದರು. ಅವ್ವ ಬಹಳ ಹೊತ್ತು ಓದಿದಳು. ಮರಾಠಿಯಲ್ಲಿ ಬರೆದುದರ ಅರ್ಥ ಇಷ್ಟು: 'ಅರ್ಧ ಪಾಳಿಗೆ ಎದ್ದು ಹೋದರೆ ಆ ದಿನದ ಪಗಾರ ಇಲ್ಲ.'

ಗಿರಣಿಯವನ ಹೆಂಡತಿಗೆ ಇದಕ್ಕಿಂತ ಹೆಚ್ಚಿನ ವೇದಾಂತ ಬೇಕಾಗಿರಲಿಲ್ಲ. ನಗು ಬಂದು, ನಕ್ಕದ್ದಕ್ಕೆ ಬಾಯಿ ಉರಿದು, ಉರಿದದ್ದಕ್ಕೆ ಕಣ್ಣೀರು ಬಂದಿತು. ಕಾಕಾ ಅಕ್ಷರಗಳನ್ನು ಅಳಿಸಿ ಎರಡು ಅಂಕಿ ಬರೆದರು. ಮೇಲೆ 15, ಕೆಳಗೆ 8. ಅವ್ವನಿಗೆ ಉಳಿದವು ಹದಿನೈದು, ತಮಗೆ ಎಂಟು. ಆಮೇಲೆ ಎದ್ದು ಹೋದರು. ಸೊಸೆ ಸಿರಿಂಜು ಎತ್ತಿ ಹಿಡಿದಳು, ಅವ್ವ ಬೇಡವೆನ್ನಲಿಲ್ಲ. ಗ್ರಹಣ ಬಿಟ್ಟಿದ್ದಿತು.

ಆಮೇಲಿನ ದಿನಗಳು ಸುಲಭವಾದುವೆಂದು ಹೇಳಿದರೆ ಸುಳ್ಳಾದೀತು. ಆದರೆ ಎಣಿಕೆ ಇದ್ದಿತು. ನಡುವೆ ನಮಗೂ ಒಂದು ಉದ್ಯೋಗ ದೊರೆಯಿತು. ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳು, ಹಿಂದಿಯೂ ಬಾರದೆ ಮರಾಠಿಯೂ ಬಾರದೆ, ಕೈಯಲ್ಲಿ ಫೈಲು ಹಿಡಿದು ಕಂಬದಂತೆ ನಿಂತಿರುತ್ತಿದ್ದುವು. ಯಾವ ಕಿಟಕಿ, ಯಾವ ಅಂತಸ್ತು, ಯಾವ ಕಾಗದಕ್ಕೆ ಯಾರ ಸಹಿ ಎಂಬುದು ಆ ಹೊತ್ತಿಗೆ ನಮಗೆ ಕರತಲಾಮಲಕವಾಗಿದ್ದಿತು. ಸೊಸೆ ದುಭಾಷಿಯಾದಳು. ಭಾನುವಾರಗಳಲ್ಲಿ ಗುಮಾಸ್ತನು ಅವರ ಸಹಾಯಧನದ ಅರ್ಜಿಗಳನ್ನು ತುಂಬಿಕೊಟ್ಟನು. ಹನ್ನೆರಡು ವರುಷದ ಕಚೇರಿಯ ಬದುಕಿನಲ್ಲಿ ಅರ್ಜಿಯ ಆಚೆಯ ಬದಿಯಿಂದ ಬರೆಯುವುದು ಹೇಗೆಂಬುದನ್ನು ಅಲ್ಲಿ ಮೊದಲಿಗೆ ಕಲಿತನು. ಹಂಗಿನ ಭಾರ ಇಳಿದುದು ಆಗ.

ಅವ್ವನಿಗೂ ಒಂದು ವಿದ್ಯೆ ಸಿದ್ಧಿಸಿದ್ದಿತು. ಬಾಯಿ ಬಿಗಿಯದಂತೆ ದಿನವೂ ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸಿ ಹಲ್ಲುಗಳ ನಡುವೆ ಇಡುವ ವ್ಯಾಯಾಮವೊಂದಿದೆ. ನಿನ್ನೆ ಹತ್ತು ಕಡ್ಡಿಯಾದರೆ ಇಂದು ಹನ್ನೊಂದಕ್ಕೆ ಪ್ರಯತ್ನ. ಹೊಸದಾಗಿ ಬಂದ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವ್ವ ಅದನ್ನು ಮಾಡಿ ತೋರಿಸುತ್ತಿದ್ದಳು. ಈ ಪಾಠಕ್ಕೆ ಮಾತೇ ಬೇಕಾಗಿರಲಿಲ್ಲವಾದ್ದರಿಂದ ಬಂಗಾಲದವರೂ ಬಿಹಾರದವರೂ ಅವಳ ಶಿಷ್ಯರಾದರು.

ಕಾಕಾ ತಮ್ಮ ಎಂಟನ್ನೂ ಮುಗಿಸಿ ಊರಿಗೆ ಹೊರಟ ದಿನ ತಮ್ಮ ಪಾಟಿಯನ್ನು ಅವ್ವನಿಗೆ ಕೊಡಬಂದರು. ಅವ್ವ ಬೇಡವೆಂದಳು, ತನಗೆ ತೊದಲಲಾದರೂ ಬರುತ್ತದೆ, ಅವರಿಗೆ ಅದೂ ಇಲ್ಲವಲ್ಲ. ಬಳಪದ ಪೆಟ್ಟಿಗೆಯಿಂದ ಒಂದು ತುಂಡನ್ನು ಮಾತ್ರ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ನವೆಂಬರಿನ ಒಂದು ಭಾನುವಾರ ಸಂಘದ ರಾಜ್ಯೋತ್ಸವ. ಅಕ್ಕ ಕರೆದರು. ಮೂಗಿನ ನಳಿಗೆಯೊಡನೆ ಸಭೆಗೆ ಬರುವುದೆ ಎಂದು ನಾವು ಹಿಂಜರಿದೆವು. ಅವ್ವ ಇದ್ದುದರಲ್ಲಿ ಒಳ್ಳೆಯ ಇಳಕಲ್ಲ ಸೀರೆಯುಟ್ಟು, ನಳಿಗೆಯ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ ಹೊರಟಳು. ಹಿಂದಿನ ಸಾಲಿನಲ್ಲಿ ಅರ್ಧ ಗಂಟೆ ಕುಳಿತಿದ್ದಳು. ವೇದಿಕೆಯ ಮೇಲೆ ಮುಂಬಯಿಯಲ್ಲೇ ಹುಟ್ಟಿದ ಮಕ್ಕಳು ಅಷ್ಟಿಷ್ಟು ತಪ್ಪುತ್ತ ಕನ್ನಡದ ಹಾಡು ಹೇಳಿದರು. ಹೊರಗೆ ಬಂದು ಅವ್ವ, "ಆ ಹುಡುಗರೂ ನನ್ಹಂಗ ತೊದಲತಾವ" ಎಂದಳು.

ಮೂರನೆಯ ವಾರದಲ್ಲಿ ಅವ್ವನ ಮೂವತ್ತೂ ಮುಗಿದುವು. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಅವಳನ್ನು ಮಲಗಿಸಿ ನಾವಿಬ್ಬರೂ ಎದುರುಬದುರು ಕುಳಿತೆವು. ಬೆಳಗಾದರೆ ಓಣಿ, ನಳಿಗೆ ಇನ್ನೂ ಮೂಗಿನಲ್ಲಿಯೇ ಇದೆ, ಹಲ್ಲಿನ ಕಥೆ ಇನ್ನು ನಡೆಯದು. ಹೊಸ ಸುಳ್ಳೊಂದನ್ನು ಹೊಸೆಯಲು ಕುಳಿತವರು ಕುರ್ಡುವಾಡಿ ದಾಟುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಇಬ್ಬರಿಗೂ ಒಮ್ಮೆಗೇ ಅದು ಬೇಡವೆನ್ನಿಸಿತು.

ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಮರುದಿನ ನಲ್ಲಿಯ ಬಳಿ ಕೊಡವಿಟ್ಟು ಸೊಸೆ ಹೇಳಿದಳು: "ಹಲ್ಲಲ್ರಿ. ಅತ್ತೀಯವರಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಸುಳ್ಳ ಹೇಳಿದ್ವಿ, ತಪ್ಪಾತು." ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯಿತಂತೆ, ಯಾರೂ ನಿಲ್ಲಿಸಲಿಲ್ಲವಂತೆ. ಕಚೇರಿಯಲ್ಲಿಯೂ ನಿಜವನ್ನು ಒಪ್ಪಿಕೊಂಡುದಾಯಿತು. ಹೆಡ್‌ಕ್ಲಾರ್ಕರು ಕನ್ನಡಕ ತೆಗೆದು ಒರೆಸಿ, "ನಮ್ಮ ಅಣ್ಣನಿಗೂ ಆಗಿತ್ತು, ನಾವೂ ಯಾರಿಗೂ ಹೇಳಿರಲಿಲ್ಲ" ಎಂದರು.

ನಿಜ ಹೇಳಿದ್ದರಿಂದ ನಷ್ಟವೇನೂ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ತಂಗಿಗೆ ಬಂದಿದ್ದ ಸಂಬಂಧ ಮುರಿಯಿತು. ಓಣಿಯ ಎರಡು ಮನೆಯವರು ನಮ್ಮಲ್ಲಿ ಚಹ ಕುಡಿಯುವುದನ್ನು ಬಿಟ್ಟರು. ತಂಗಿಯ ಮದುವೆ ಎಲ್ಲ ತಿಳಿದು ಒಪ್ಪಿದವರೊಡನೆ 2024ರಲ್ಲಿ ಆಯಿತು. ಅಲ್ಲಿಯವರೆಗೆ ಅವಳು ನಮ್ಮ ಮೇಲೆ ಸಿಟ್ಟಾಗಿದ್ದುದೂ ಉಂಟು. ಆದರೆ ನಾವು ಬಂದ ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಓಣಿಯ ಮೂಲೆಯ ಮನೆಯ ಸೊಸೆ ಹಿಂಬಾಗಿಲಿನಿಂದ ಬಂದು, ಅವ್ವನ ಮುಂದೆ ಕುಳಿತು, ಏನೂ ಹೇಳದೆ ಬಾಯಿ ತೆರೆದಳು. ಗಲ್ಲದ ಒಳಗೆ ಒಂದು ಬಿಳಿಯ ಕಲೆ. ಅದೇ ವಾರ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಅದಿನ್ನೂ ಕ್ಯಾನ್ಸರಾಗಿರಲಿಲ್ಲ. ಸಣ್ಣದೊಂದು ಚಿಕಿತ್ಸೆ, ತಂಬಾಕು ಬಂದ್. ಅವಳ ಕಲೆ ನಮ್ಮ ಮಾತಿಗಾಗಿ ಎಷ್ಟು ತಿಂಗಳು ಕಾದಿದ್ದಿತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊದಲ ಎರಡು ವರುಷ ಎರಡು-ಮೂರು ತಿಂಗಳಿಗೊಮ್ಮೆ ತಪಾಸಣೆ. ಈಗ ಆರು ತಿಂಗಳಿಗೊಮ್ಮೆ. ಅವ್ವ ಮೆತ್ತಗಿನ ಅನ್ನ ಉಣ್ಣುತ್ತಾಳೆ, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಾಳೆ. ರುಚಿ ಮುಕ್ಕಾಲು ಪಾಲು ಮರಳಿದೆ. ಮೊದಲ ಎರಡು ತಪಾಸಣೆಗಳಿಗೆ ಕಾಕಾ ಅದೇ ದಿನ ಬರುವಂತೆ ಗೊತ್ತುಮಾಡಿಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಮೂರನೆಯದಕ್ಕೆ ಬರಲಿಲ್ಲ. ಫೋನು ಮಾಡಿದಾಗ ಮಗ ಎತ್ತಿದನು. ರೋಗ ಮರಳಿದ್ದಿತಂತೆ, ಮಳೆಗಾಲದ ಆರಂಭದಲ್ಲಿ, ಊರಿನ ಮನೆಯಲ್ಲಿಯೇ. ಅವ್ವ ಆ ದಿನ ಬೆಂಚಿನಲ್ಲಿ ತನ್ನ ಪಕ್ಕಕ್ಕೆ ಯಾರನ್ನೂ ಕೂರಗೊಡಲಿಲ್ಲ. ಅವಳ ಹೆಸರು ಕೂಗಿದಾಗ ಎದ್ದು, ಚೀಲವನ್ನು ಆ ಜಾಗದಲ್ಲಿಟ್ಟು ಒಳಗೆ ಹೋದಳು.

ಈ ಪತ್ರಿಕೆಯನ್ನು ಓದುವ ಕುಟುಂಬಗಳು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿವೆ. ಆ ಊರುಗಳ ದೊಡ್ಡ ಆಸ್ಪತ್ರೆಗಳಿಗೆ ನಮ್ಮ ಭಾಷೆಯವರು ಬರುತ್ತಲೇ ಇರುತ್ತಾರೆ. ಅವರಲ್ಲೊಬ್ಬರು ಎದುರಾದರೆ ಏನು ಬೇಕೆಂದು ಕೇಳಬೇಡಿ. ಬುಧವಾರ ನಮ್ಮದು ಎನ್ನಿ. ಹುಳಿ ಹಣ್ಣು, ಖಾರದ ತಿಂಡಿ ಒಯ್ಯಬೇಡಿ. ಏನು ಕೊಡಬಹುದೆಂದು ಜೊತೆಯಲ್ಲಿದ್ದವರನ್ನು ಕೇಳಿ ಒಯ್ಯಿರಿ. ಎರಡು ಗಂಟೆ ಬಿಡುವಿದ್ದರೆ ಸಾಲಿನಲ್ಲಿ ನಿಲ್ಲಿ. ಇಷ್ಟೇ. ಆ ಅಕ್ಕ ನಮಗೆ ಮಾಡಿದ್ದೂ ಇಷ್ಟೇ.

ಈ ಲೇಖನ ಬರೆಯುವ ಮೊದಲು ಅವ್ವನ ಅಪ್ಪಣೆ ಕೇಳಿದೆವು. ಜನ ಓದುತ್ತಾರೆ, ನಡೆದೀತೇ ಎಂದೆವು. ಅವಳು ಕಡ್ಡಿಗಳ ಕಟ್ಟನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು:

"ಬರೀರಿ. ತಿಂಗಳಿಗೊಮ್ಮಿ ಕನ್ನಡಿ ಮುಂದ ನಿಂತು ಬಾಯಿ ತಗದು ನೋಡಿಕೋರಿ ಅಂತ ಬರೀರಿ. ಏನಾರ ಕಂಡ್ರ ಮುಚ್ಚಿಡಬ್ಯಾಡ್ರಿ ಅಂತನೂ ಬರೀರಿ."